ಇಟ್ಟಂಗಿ ದಿಬ್ಬಕ್ಕೆ ದೀಪ ಹಾಕಿದ್ದು

ನನ್ನ ಹೆಂಡತಿಗೆ ಹೊತ್ತು ಮುಳುಗಿದ ಮೇಲೆ ಕಾಣುವುದಿಲ್ಲ ಎಂದು ನನಗೆ ಗೊತ್ತಾಗಬೇಕಿದ್ದುದು ರಾಣೆಬೆನ್ನೂರಿನ ಒಂದು ಲಗ್ನದಲ್ಲಿ. ಲೈಟಿಂಗ್ ನನ್ನದೇ. ಹಂದರದ ತುಂಬ ಸೀರಿಯಲ್ ಸೆಟ್ ಇಳಿಬಿಟ್ಟು, ಹೆಬ್ಬಾಗಿಲಿಗೆ ಎರಡು ಹ್ಯಾಲೊಜನ್ ಕಟ್ಟಿ, ಬೀಗರು ಹೊಗಳುವುದನ್ನು ಕೇಳುತ್ತ ನಿಂತಿದ್ದೆ. ಊಟ ಮುಗಿಸಿ ಹೊರಬಂದ ಇವಳು ಜನರೇಟರಿನ ಕೇಬಲ್ಲಿಗೆ ಎಡವಿದಳು. ಸಾವರಿಸಿಕೊಂಡು ನಾಲ್ಕು ಹೆಜ್ಜೆ ನಡೆದು ನೀರಿನ ಡ್ರಮ್ಮಿಗೆ ಹೋಗಿ ಬಡಿದಳು. “ಕಣ್ಣು ಮನ್ಯಾಗ ಬಿಟ್ಟು ಬಂದೀಯೇನು?” ಎಂದು ಎಲ್ಲರೆದುರು ಒದರಿದೆ. ಅವಳು ಸೀರೆ ಜಾಡಿಸಿಕೊಂಡು, “ನಿಮ್ಮ ಲೈಟು ಕಣ್ಣಿಗೇ ಬಡೀತಾವ್ರಿ, ಕೆಳಗ ಏನೂ ಕಾಣಸೂದಿಲ್ಲ” ಎಂದಳು. ಬ್ಯಾಡಗಿಗೆ ವಾಪಸು ಬರುವ ಬಸ್ಸಿನಲ್ಲಿ ನಾನು ಅವಳ ಹತ್ತಿರ ಮಾತಾಡಲಿಲ್ಲ. ನನ್ನ ಲೈಟಿಂಗಿಗೆ ಹೆಸರಿಟ್ಟಳಲ್ಲ ಎಂಬುದೇ ನನ್ನ ತಲೆಯಲ್ಲಿತ್ತು.

ನನ್ನ ಸಿಟ್ಟಿನ ವಿಷಯ ಮುಚ್ಚಿಟ್ಟು ಉಪಯೋಗವಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ. ಊರಿನ ಖಾರವನ್ನೆಲ್ಲ ನೀನೊಬ್ಬನೇ ಇಟ್ಟುಕೊಂಡಿದ್ದೀ ಎಂದು ಪೇಟೆಯ ಹಮಾಲರು ನನ್ನನ್ನು ಚೇಷ್ಟೆ ಮಾಡುತ್ತಿದ್ದರು. ನಾನು ಯಾರಿಗೂ ಕೈ ಎತ್ತಿದವನಲ್ಲ. ಹೆಂಡತಿಗಂತೂ ಎಂದೂ ಇಲ್ಲ. ಆದರೆ ಮಾಡಿದ ಕೆಲಸ ಕೆಟ್ಟರೆ ಕೈಯಲ್ಲಿದ್ದುದನ್ನು ಬಿಸಾಡುತ್ತಿದ್ದೆ, ವೈರು ಕಿತ್ತುಹಾಕುತ್ತಿದ್ದೆ, ಗೋಡೆಯನ್ನು, ಕರೆಂಟನ್ನು, ನನ್ನನ್ನೇ ಬಾಯಿಗೆ ಬಂದಂತೆ ಬೈದುಕೊಳ್ಳುತ್ತಿದ್ದೆ. ಸಾಮಾನಿನ ಮೇಲಿನ ಸಿಟ್ಟು ಮನುಷ್ಯರನ್ನು ಮುಟ್ಟುವುದಿಲ್ಲ ಎಂಬ ಭ್ರಮೆ ನನಗಿತ್ತು.

ಆಮೇಲಿನ ದಿನಗಳಲ್ಲಿ ಅವಳು ಬಚ್ಚಲ ಹೊಸ್ತಿಲಿಗೆ ಎರಡು ಸಲ, ಅಂಗಳದ ಒರಳಿಗೆ ಒಂದು ಸಲ ಎಡವಿ ಬಿದ್ದಾಗ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ವಯಸ್ಸಾದ ಹೆಣ್ಣುಮಗಳು. ಬ್ಯಾಟರಿ ಬಿಟ್ಟು ನೋಡಿದರು, ಕತ್ತಲ ಕೋಣೆಯಲ್ಲಿ ಕೂರಿಸಿ ನೋಡಿದರು, ಕೊನೆಗೆ ನನ್ನನ್ನು ಕೇಳಿದರು: “ಇವ್ರ ತಂದಿ ತಾಯಿ ಸಂಬಂಧದಾಗ ಲಗ್ನ ಆಗ್ಯಾರೇನ್ರಿ?” ಆಗಿದ್ದರು. ಅವಳ ತಾಯಿ ಅವಳ ತಂದೆಗೆ ಸ್ವಂತ ಅಕ್ಕನ ಮಗಳು. ಅವಳು ನನಗೆ ಸೋದರಮಾವನ ಮಗಳು. ನಮ್ಮ ಮನೆತನದಲ್ಲಿ ಹೆಣ್ಣನ್ನು ಹೊರಗೆ ಕೊಡದಿರುವುದೇ ದೊಡ್ಡಸ್ತಿಕೆ. ಡಾಕ್ಟರು ನಿಧಾನಕ್ಕೆ ತಿಳಿಸಿ ಹೇಳಿದರು. ಬದಿಯ ನೋಟ ಸುತ್ತಲಿಂದ ಕಡಿಮೆಯಾಗುತ್ತ ಬರುತ್ತದೆ, ಕತ್ತಲೆಯಲ್ಲಿ ಕಾಣುವುದಿಲ್ಲ, ಇದಕ್ಕೆ ಔಷಧವಿಲ್ಲ. ಆದರೆ ನಡುವಿನ ನೋಟ ಇನ್ನೂ ಗಟ್ಟಿಯಾಗಿದೆ. ಅಲ್ಲಿ ಸ್ವಲ್ಪ ನೀರು ತುಂಬಿ ಬಾತಿದೆ, ಗುಳಿಗೆಯಿಂದ ಇಳಿಯಬಹುದು. ಎರಡೆರಡು ತಿಂಗಳಿಗೆ ತಪ್ಪದೆ ಬಂದು ತೋರಿಸಬೇಕು. “ಬಿಟ್ರ ನಡುವಿಂದೂ ಹೋಗ್ತೈತಿ, ಆಮ್ಯಾಲ ನನ್ನ ಕೈಯಾಗ ಏನೂ ಇರೂದಿಲ್ಲ” ಎಂದರು. ಉಳಿಸಿಕೊಳ್ಳಬೇಕಾಗಿದ್ದು ಆ ನಡುವಿನ ನೋಟ ಒಂದೇ.

ಮನೆಯಲ್ಲಿ ನಾವಿಬ್ಬರೇ, ಮಕ್ಕಳಾಗಿರಲಿಲ್ಲ. ನಾನು ಮನೆಯ ದೀಪಗಳನ್ನೆಲ್ಲ ಇಳಿಸಿದೆ. ಟ್ಯೂಬ್‌ಲೈಟ್ ತೆಗೆದು, ಎಣ್ಣೆ ಡಬ್ಬಿ ಕತ್ತರಿಸಿ ಮುಚ್ಚಿಗೆ ಮಾಡಿ, ಅದರೊಳಗೆ ಝೀರೋ ಬಲ್ಬು ಕೂರಿಸಿ ಗೋಡೆಗೆ ಮೊಣಕಾಲೆತ್ತರದಲ್ಲಿ ಹೊಡೆದೆ. ಬೆಳಕು ಕಣ್ಣಿಗೆ ಬಡಿಯದೆ ನೆಲಕ್ಕೆ ಬೀಳಬೇಕು, ಅಷ್ಟೇ. ಅವಳು ಅಡುಗೆಮನೆಯಿಂದ ಬಚ್ಚಲಿಗೆ ಗೋಡೆ ಹಿಡಿಯದೆ ಹೋಗಿಬಂದಳು. ಇಪ್ಪತ್ತು ವರ್ಷ ಲೈಟಿಂಗ್ ಮಾಡಿದವನಿಗೆ ಬೆಳಕು ಏತಕ್ಕೆ ಎಂಬುದು ಆ ವಾರ ತಿಳಿಯಿತು.

ಇದೇ ಹೊತ್ತಿಗೆ ಹಾವೇರಿಯಿಂದ ಪ್ರವಾಸೋದ್ಯಮ ಇಲಾಖೆಯ ಸಾಹೇಬರೊಬ್ಬರು ಬಂದರು. ಹಾವೇರಿ ಜಿಲ್ಲೆಯಾಗಿ ಇನ್ನೂ ಹತ್ತು ವರ್ಷವಾಗಿರಲಿಲ್ಲ, ಪುಣೆ–ಬೆಂಗಳೂರು ರಸ್ತೆಯನ್ನು ಅಗಲ ಮಾಡುತ್ತಿದ್ದ ಕಾಲ. ಜಿಲ್ಲೆಗೆ ಪ್ರವಾಸಿಗರನ್ನು ತರಬೇಕು ಎಂಬ ಹುರುಪು ಆ ಸಾಹೇಬರಿಗೆ ವಿಪರೀತ. ಬ್ಯಾಡಗಿಯಿಂದ ರಾಣೆಬೆನ್ನೂರಿನ ಕಡೆಗೆ ಹೋಗುವಾಗ ಮೆಣಸಿನಕಾಯಿ ಹೊಲಗಳ ನಡುವೆ ಒಂದು ದಿಬ್ಬವಿದೆ. ಹಳೇ ಕಾಲದ ಅಂಗೈ ದಪ್ಪದ ಇಟ್ಟಂಗಿಗಳು ಮಣ್ಣಿನಿಂದ ಇಣುಕುತ್ತಿದ್ದುದರಿಂದ ಜನ ಅದನ್ನು ಇಟ್ಟಂಗಿ ದಿಬ್ಬ ಎನ್ನುತ್ತಿದ್ದರು. ನೋಡಲು ಬಂದ ಪಂಡಿತರೊಬ್ಬರು, ಅಲ್ಲಿ ಬಿದ್ದಿದ್ದ ಗಾಲಿ ಕೆತ್ತಿದ ಕಲ್ಲನ್ನು ತಿರುವಿ ನೋಡಿ, ಇದು ಬೌದ್ಧರ ಸ್ತೂಪವಿದ್ದ ಜಾಗ ಎಂದಿದ್ದರಂತೆ. ಅದು ಕಿವಿಯಿಂದ ಕಿವಿಗೆ ಹೋಗಿ ಮುಂಡಗೋಡದ ಟಿಬೇಟಿಯನ್ ಕಾಲೊನಿಯಿಂದ ವರ್ಷಕ್ಕೆ ನಾಲ್ಕಾರು ಬಸ್ಸು ಬರತೊಡಗಿದ್ದವು. ಬನವಾಸಿ ನೋಡಿಕೊಂಡು ಇಲ್ಲಿ ತಲುಪುವಷ್ಟರಲ್ಲಿ ಅವಕ್ಕೆ ಸಂಜೆಯೇ ಆಗುತ್ತಿತ್ತು. ರಸ್ತೆಯಿಂದ ದಿಬ್ಬಕ್ಕೆ ಒಂದು ಫರ್ಲಾಂಗು ಬಂಡಿಜಾಡು. ಮುಸ್ಸಂಜೆಯಲ್ಲಿ ವಯಸ್ಸಾದ ಯಾತ್ರಿಕರು ದಾರಿ ತಪ್ಪಿ ಯಾರದೋ ಕಣದಲ್ಲಿ ಒಣಹಾಕಿದ ಮೆಣಸಿನಕಾಯಿ ತುಳಿದು, ಘಾಟಿಗೆ ಸೀನುತ್ತ ಕೂತುಬಿಡುತ್ತಿದ್ದರು.

ಸಾಹೇಬರಿಗೆ ಆ ದಾರಿಗೆ ದೀಪ ಬೇಕಾಗಿತ್ತು. ಬೋರ್ಡು ಬರೆಸಿದರೆ ಟಿಬೇಟಿನವರು, ಜಪಾನಿನವರು ಯಾವ ಭಾಷೆ ಓದಬೇಕು, ದೀಪವೇ ಮುಂದೆ ಕರೆದೊಯ್ಯಬೇಕು ಎಂಬುದು ಅವರ ವಿಚಾರ. ವಿಚಾರ ಚಲೋ ಇತ್ತು. ಆದರೆ ಅವರ ಮನಸ್ಸಿನಲ್ಲಿದ್ದುದು ದಿಬ್ಬಕ್ಕೆ ಬಣ್ಣಬಣ್ಣದ ಫೋಕಸ್. “ಸಾಹೇಬ್ರ, ಲಗ್ನಾ ಮಾಡ್ತೀರೋ, ದಾರಿ ತೋರಸ್ತೀರೋ ಮೊದಲ ಹೇಳ್ರಿ” ಎಂದೆ. ಅವರು ಬೈಯದೆ ನಕ್ಕರು. ಮನೆಗೆ ಕರೆತಂದು ಮೊಣಕಾಲೆತ್ತರದ ನನ್ನ ಡಬ್ಬಿ ದೀಪಗಳನ್ನು ತೋರಿಸಿದೆ. ಸಂಜೆ ಕಾಣದ ನನ್ನ ಹೆಂಡತಿ ಆ ಬೆಳಕಿನಲ್ಲಿ ಚಹಾದ ಕಪ್ಪು ಹಿಡಿದು ಬಂದು ಅವರ ಕೈಗೇ ಕೊಟ್ಟಳು. ಸಾಹೇಬರು ಕಪ್ಪು ಹಿಡಿದುಕೊಂಡೇ, “ಇವ್ರಿಗೆ ಕಾಣಿಸಿದ್ರ ಜಗತ್ತಿನಾಗ ಎಲ್ಲಾರಿಗೂ ಕಾಣಸ್ತೈತಿ. ದಾರಿ ಇವ್ರೇ ನಡದು ಪಾಸ್ ಮಾಡ್ಲಿ” ಎಂದರು. ಅವತ್ತು ಅವಳ ಮುಖದಲ್ಲಿ ಇದ್ದ ಹಿಗ್ಗು ನನಗೆ ನೆನಪಿದೆ. ಅವಳ ಕಣ್ಣು ಒಂದು ಕೆಲಸಕ್ಕೆ ಬಂದಿತ್ತಲ್ಲ.

ದೀಪಾವಳಿ ಮುಗಿದ ಮೇಲೆ ಕೆಲಸ ಹಿಡಿದೆ. ಜಾಡಿಗೆ ಸಣ್ಣ ಕಲ್ಲಿನ ಗರಸು ಮಣ್ಣು ಹಾಕಿಸಿ, ಎರಡೂ ಅಂಚಿಗೆ ಮೆತ್ತನೆ ಮಣ್ಣು ಬಿಟ್ಟೆ. ದೀಪಗಳಿಗೆ ಒಂದು ಭಾಷೆ ಕಟ್ಟಿದೆ. ಒಂದೊಂದೇ ದೀಪವಿದ್ದರೆ ನೇರ ನಡೆಯುವುದು, ಜೋಡಿ ಬಂದರೆ ತಿರುಗುವುದು, ಮೂರು ಒತ್ತಿಗೆ ಬಂದರೆ ನಿಲ್ಲುವುದು. ಯಾವ ಊರಿನವನಿಗೂ ಹತ್ತು ಹೆಜ್ಜೆಯಲ್ಲಿ ತಿಳಿಯುವಂಥದ್ದು. ಕರೆಂಟಿನ ಭರವಸೆ ಇಲ್ಲದ್ದರಿಂದ ಲಾರಿಯ ಹಳೇ ಬ್ಯಾಟರಿಗಳನ್ನೂ ಜೋಡಿಸಿಟ್ಟೆ.

ದಿಬ್ಬದ ಸುತ್ತ ದೀಪ ಹಾಕುವಾಗ ನಾನೊಂದು ತಪ್ಪು ಮಾಡಿದೆ. ಆಗ ಅದು ತಪ್ಪೆಂದು ನನಗೂ ಅನ್ನಿಸಲಿಲ್ಲ, ಪಕ್ಕದಲ್ಲಿ ನಿಂತ ಸಾಹೇಬರಿಗೂ ಅನ್ನಿಸಲಿಲ್ಲ. ಯಾವ ಕಾಲದಲ್ಲೋ ಯಾರೋ ದಿಬ್ಬದ ನೆತ್ತಿಯ ಮೇಲೆ ಲಿಂಗ ಇಟ್ಟಿದ್ದರು. ಅಭಿಷೇಕದ ನೀರು ಇಳಿಯಲು ಉತ್ತರಕ್ಕೆ ಒಂದು ಕಲ್ಲಿನ ಕಾಲುವೆ ಇತ್ತು. ಶಿವನ ಗುಡಿಯಲ್ಲಿ ಆ ನೀರನ್ನು ದಾಟಬಾರದು. ಮೂಡಣ ಬಾಗಿಲಿನಿಂದ ಹೊರಟು, ತೆಂಕಣ, ಪಡುವಣ ಬಳಸಿ, ಕಾಲುವೆಯ ತನಕ ಹೋಗಿ, ಬಂದ ದಾರಿಯಲ್ಲೇ ತಿರುಗಿ ಬರುವುದು ನಾವು ನಡೆಯಲು ಕಲಿತಾಗಿನಿಂದ ಮಾಡಿಕೊಂಡು ಬಂದದ್ದು. ನನ್ನ ಕೈಯೂ ಹಾಗೇ ಮಾಡಿತು. ಕಾಲುವೆಯ ಹತ್ತಿರ ಮೂರು ದೀಪ ಒತ್ತಿಗೆ ನೆಟ್ಟು, ಉಳಿದ ಕಾಲು ಸುತ್ತನ್ನು ಕತ್ತಲೆಗೆ ಬಿಟ್ಟೆ.

ಮೊದಲ ಸಂಜೆ ಅವಳನ್ನು ರಸ್ತೆಯ ಬದಿಯಿಂದ ಬಿಟ್ಟೆ. ಆರನೇ ದೀಪಕ್ಕೆ ಎಡಕ್ಕೆ ಸರಿದು ಹೊಲಕ್ಕಿಳಿದಳು. “ಕಾಣಸೂದಿಲ್ಲೇನು?” ಎಂದೆ. “ಇಲ್ರಿ, ಮಬ್ಬು ಮಬ್ಬು” ಎಂದಳು. ದೀಪ ಒತ್ತೊತ್ತಾಗಿ ನೆಟ್ಟೆ. ಮರುದಿನವೂ ಅದೇ. ಬಲ್ಬು ದೊಡ್ಡದು ಹಾಕಿದೆ. ಮೂರನೇ ಸಂಜೆಯೂ ಅವಳು ನಿಂತಲ್ಲೇ ನಿಂತು, “ಕಾಣಸವಲ್ದುರಿ” ಎಂದಾಗ ನನ್ನ ತಲೆ ಕೆಟ್ಟಿತು. ಎರಡು ದೀಪಗಳನ್ನು ಕಿತ್ತು ಹೊಲಕ್ಕೆ ಒಗೆದೆ. “ಹಾಳಾಗಿ ಹೋಗ್ಲಿ, ನನ್ನ ಹಣೇಬಾರಾನೇ ಇಷ್ಟು” ಎಂದು ಒದರುತ್ತ ಗರಸಿನ ಮೇಲೆ ಕೂತುಬಿಟ್ಟೆ. ಅವಳು ಬಂದು ನನ್ನ ಪಕ್ಕದಲ್ಲಿ ನಿಂತಳು.

ಮುಂದಿನ ವಾರ ಅವಳು ಸರಸರ ನಡೆದಳು. ಎಲ್ಲೂ ತಪ್ಪಲಿಲ್ಲ. ಬೇವಿನ ಮರದ ಹತ್ತಿರದ ಜೋಡಿ ದೀಪಕ್ಕೆ ಸರಿಯಾಗಿ ತಿರುಗಿ, ದಿಬ್ಬ ಬಳಸಿ, ಕಾಲುವೆಯ ಹತ್ತಿರ ನಿಂತು, ತಿರುಗಿ ಬಂದಳು. “ಈಗ ಕಾಣಸ್ತೈತೇನು?” “ಹೂಂ ರಿ, ಸ್ವಚ್ಛ ಕಾಣಸ್ತೈತಿ.” ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ಚಪ್ಪಲಿ ರಸ್ತೆಯಲ್ಲೇ ಬಿಟ್ಟು ಬರಿಗಾಲಲ್ಲಿ ನಡೆಯುತ್ತಿದ್ದಳು. ದೇವರ ಜಾಗವೆಂದು ಬಿಟ್ಟಿದ್ದಾಳೆ ಅಂದುಕೊಂಡೆ.

ನಾನು ಅಲ್ಲಿಗೇ ಸುಮ್ಮನಾಗಿದ್ದರೆ ಸಾಕಿತ್ತು. ಆದರೆ ಆಸೆ ಹುಟ್ಟಿದ ಮನುಷ್ಯನಿಗೆ ತಾಳ್ಮೆ ಇರುವುದಿಲ್ಲ. ಆ ಹದಿನೈದು ದಿನಗಳಲ್ಲೇ ಯಾರೋ ಹೇಳಿದರೆಂದು ಗುತ್ತಲದ ಕಡೆ ಕಣ್ಣಿಗೆ ಔಷಧ ಬಿಡುವವನೊಬ್ಬನ ಹತ್ತಿರ ಹೋಗಿ ಬೇರಿನ ರಸ ತಂದಿದ್ದೆ. ದಿನಾ ಬೆಳಿಗ್ಗೆ ಎರಡೆರಡು ಹನಿ. ಇಂಗ್ಲಿಷ್ ಗುಳಿಗೆ ಕೂಡಿಸಬೇಡ ಎಂದಿದ್ದ ಅವನು. ಹನಿ ಬಿಟ್ಟಾಗ ಅವಳು ಹಲ್ಲು ಕಚ್ಚಿ ಹಾಸಿಗೆಯ ಅಂಚು ಹಿಡಿಯುತ್ತಿದ್ದಳು. ನಾನು ಲೆಕ್ಕ ಹಾಕಿದೆ: ಹನಿ ಬಿಟ್ಟೆ, ನಡೆದಳು. ಹುಬ್ಬಳ್ಳಿಗೆ ಎರಡು ಸಲ ಹೋಗಿ ಬಂದಿದ್ದೆವು, ಎರಡು ಸಲವೂ ಡಾಕ್ಟರು ಹೆಚ್ಚಿಗೆ ಏನೂ ಹೇಳಿರಲಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದಷ್ಟೇ. ಇಲ್ಲಿ ಹೋದದ್ದೇ ತಿರುಗಿ ಬರುತ್ತಿದೆಯಲ್ಲ! ಗುಳಿಗೆ ನಿಲ್ಲಿಸಿ ಅದರ ಚೀಟಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದೆ. ಮೂರನೇ ಸಲದ ತಾರೀಖು ಬಂತು, ಹೋಯಿತು. ನಾಲ್ಕನೆಯದೂ ಹೋಯಿತು. ಪೇಟೆಯಲ್ಲಿ ಕಂಡವರಿಗೆಲ್ಲ, “ನಮ್ಮ ಮನೀಯವ್ರ ಕಣ್ಣು ತಿರುಗಿ ಬರಾಕತ್ತಾವ” ಎಂದು ಹೇಳಿಕೊಂಡು ತಿರುಗಿದೆ.

ಒಂದು ಸಂಜೆ ಅವಳು ಅರ್ಧ ದಾರಿಯಲ್ಲಿದ್ದಾಗ ಕರೆಂಟು ಹೋಯಿತು, ಬ್ಯಾಟರಿಯೂ ಕೈಕೊಟ್ಟಿತು. ದಾರಿ ಪೂರ್ತಿ ಕತ್ತಲೆ. ನಾನು ನಿಂತಲ್ಲೇ ತಡಕಾಡುತ್ತಿದ್ದೆ. ಅವಳ ಹೆಜ್ಜೆಯ ಸಪ್ಪಳ ನಿಲ್ಲಲಿಲ್ಲ. ಗರಸಿನ ಮೇಲೆ ಅದೇ ಹದದಲ್ಲಿ ಮುಂದೆ ಹೋಗುತ್ತಲೇ ಇತ್ತು. ದೀಪ ಬಂದಾಗ ಅವಳು ಬೇವಿನ ಮರ ದಾಟಿದ್ದಳು. ಯಾವ ಮಳ್ಳನಿಗಾದರೂ ಅಲ್ಲಿ ತಿಳಿಯಬೇಕಿತ್ತು. ನನಗೆ ಅನ್ನಿಸಿದ್ದೇ ಬೇರೆ: ನೋಟ ಎಷ್ಟು ಸುಧಾರಿಸಿದೆ ನೋಡು, ಕತ್ತಲೆಯಲ್ಲೂ ನಡೆಯುತ್ತಾಳೆ! ಬರುವಾಗ ಮೋಟೆಬೆನ್ನೂರಿನ ಹತ್ತಿರ ಹೋಟೆಲಿನಲ್ಲಿ ಅವಳಿಗೆ ಮಿರ್ಚಿ ಭಜಿ ತಿನ್ನಿಸಿದೆ. ಅವಳು ತಟ್ಟೆಯಲ್ಲಿ ಬೆರಳಾಡಿಸಿ ಭಜಿ ಹುಡುಕುತ್ತಿದ್ದುದನ್ನು ನೋಡಿದೆ. ನೋಡಿಯೂ ನೋಡಲಿಲ್ಲ ಎಂದರೆ ಸರಿಯಾದೀತು. ನನಗೆ ಬೇಕಾದಷ್ಟನ್ನೇ ನೋಡುವುದು ಆಗ ನನಗೆ ರೂಢಿಯಾಗಿತ್ತು.

ಮಾಘದಲ್ಲಿ ಮುಂಡಗೋಡದಿಂದ ದೊಡ್ಡ ಬಸ್ಸು ಬರುವುದಿತ್ತು. ಅದಕ್ಕೆ ಎರಡು ದಿನ ಮೊದಲು ದಾರಿ ನೋಡಲು ಸಾಹೇಬರ ಜೊತೆ ಒಬ್ಬ ವಯಸ್ಸಾದ ಲಾಮಾ ಬಂದರು. ಮೂವತ್ತು ನಲವತ್ತು ವರ್ಷ ಈ ಕಡೆ ಕಳೆದವರಿರಬೇಕು, ಅವರ ಕನ್ನಡ ನಮ್ಮ ಬಸ್‌ಸ್ಟ್ಯಾಂಡಿನ ಕನ್ನಡವೇ. ಹೊತ್ತಿದ ದೀಪಗಳ ಹಿಂದೆ ನಡೆಯುತ್ತ, “ಚಲೋ ಮಾಡೀರಿ, ಬೆಳಕು ಕಾಲಿಗೆ ಐತಿ, ಮಾರಿಗಿಲ್ಲ” ಎಂದರು. ಕಾಲುವೆಯ ಹತ್ತಿರ ಬಂದು ಮೂರು ದೀಪ ನೋಡಿ ನಿಂತರು. ಮುಂದಿನ ಕತ್ತಲೆ ನೋಡಿದರು, ನನ್ನನ್ನು ನೋಡಿದರು.

“ಇಲ್ಲಿಂದ?”

“ಇಲ್ಲಿಂದ ತಿರುಗೂದ್ರಿ.”

“ನಮ್ದು ಹಂಗಿಲ್ರಿ. ನಾವು ಪೂರಾ ಸುತ್ತಬೇಕು. ನಡುವ ಬಿಟ್ಟು ತಿರುಗಿ ಬಂದ್ರ ಬಂದಂಗೇ ಆಗೂದಿಲ್ಲ.”

ಸಾಹೇಬರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಬೌದ್ಧರ ಜಾಗಕ್ಕೆ ದಾರಿ ಮಾಡುತ್ತೇವೆಂದು ಹೊರಟ ನಾವಿಬ್ಬರೂ ಶಿವನ ಗುಡಿಯ ದಾರಿ ಮಾಡಿಟ್ಟಿದ್ದೆವು. ನೀರು ದಾಟುವುದು ಹೇಗೆ ಎಂದು ಸಾಹೇಬರು ತಡವರಿಸಿದಾಗ ಲಾಮಾ, ಕಾಲುವೆ ಮುಗಿಯುವಲ್ಲಿ ಹೊರಗಿನಿಂದ ಬಳಸಿದರಾಯಿತು, ನಿಮ್ಮ ದೇವರಿಗೂ ತೊಂದರೆ ಇಲ್ಲ ಎಂದರು. ನನಗೆ ಸಿಟ್ಟು ಬಂದಿದ್ದು ನನ್ನ ಮೇಲೆಯೇ. ಮರುದಿನವೆಲ್ಲ ಗುಂಡಿ ತೋಡಿ, ಹೊರಗಿನಿಂದ ಹಾದು ಸುತ್ತು ಶುರುವಾದ ಮೂಡಣ ದಿಕ್ಕಿಗೆ ಸೇರುವಂತೆ ಹನ್ನೆರಡು ಹೊಸ ದೀಪ ನೆಟ್ಟೆ. ಕಾಲುವೆಯ ಹತ್ತಿರದ ಮೂರು ದೀಪ ಕಿತ್ತೆ. ಹೊಸ ಭಾಗಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಳಕು ಬಿತ್ತು. ಹೆಂಡತಿಗೆ ಇದನ್ನು ಹೇಳಲಿಲ್ಲ. ಹೇಳುವುದೇನಿದೆ, ಹೋದರೆ ಕಾಣುತ್ತದಲ್ಲ ಎಂದುಕೊಂಡೆ.

ಬಸ್ಸು ಬಂದ ಸಂಜೆ ಇನ್ನೂ ಆಕಾಶದಲ್ಲಿ ಸ್ವಲ್ಪ ಕೆಂಪಿತ್ತು. ಮೂವತ್ತು ಜನ ಇಳಿದರು, ಹೆಚ್ಚಿನವರು ಮುದುಕಿಯರು, ಕೈಯಲ್ಲಿ ಜಪಮಾಲೆ. ಸಾಹೇಬರ ಮೇಲಿನ ಸಾಹೇಬರೂ ಬಂದಿದ್ದರು. ನನ್ನ ಹೆಂಡತಿಯನ್ನು ಮುಂದೆ ನಿಲ್ಲಿಸಿ ನಮ್ಮ ಸಾಹೇಬರು ಹೇಳಿದರು: “ಈ ಅಕ್ಕಾರಿಗೆ ಸಂಜೀ ಕಣ್ಣು ಕಾಣೂದಿಲ್ರಿ ಸರ್. ಈ ದೀಪದಾಗ ಕಾಣಸ್ತೈತಿ.” ಅವಳು ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಸೆರಗು ಸರಿಮಾಡಿಕೊಂಡು, ಚಪ್ಪಲಿ ಬಿಟ್ಟು, ನಡೆಯತೊಡಗಿದಳು. ಹತ್ತು ಹೆಜ್ಜೆ ಹಿಂದೆ ನಾನು ಮತ್ತು ಸಾಹೇಬರುಗಳು, ಹಿಂದೆ ಲಾಮಾ, ಅವರ ಹಿಂದೆ ಸಾಲಾಗಿ ಎಲ್ಲರೂ. ನನ್ನ ಎದೆ ಉಬ್ಬಿತ್ತು. ಇಂಥ ಹೆಂಡತಿ, ಇಂಥ ಬೆಳಕು ಎಂದು ಮನಸ್ಸಿನಲ್ಲೇ ಕುಣಿಯುತ್ತಿದ್ದೆ.

ಬೇವಿನ ಮರಕ್ಕೆ ತಿರುಗಿದಳು. ದಿಬ್ಬ ತಲುಪಿದಳು. ತೆಂಕಣ ಬಳಸಿದಳು, ಪಡುವಣ ಬಳಸಿದಳು. ಮುಂದೆ ಹನ್ನೆರಡು ಹೊಸ ದೀಪಗಳು ನೆಲವನ್ನು ಹಳದಿ ಮಾಡಿದ್ದವು, ಒಂದು ಸೂಜಿ ಬಿದ್ದರೂ ಹುಡುಕಬಹುದಾಗಿತ್ತು. ಅವಳು ಕಾಲುವೆಯ ಹತ್ತಿರ ನಿಂತಳು. ಕೈ ಮುಗಿದಳು. ತಿರುಗಿದಳು. ನಮ್ಮ ಕಡೆಗೇ ನಡೆದು ಬಂದಳು.

ನಾನು ಬದಿಗೆ ಸರಿದೆ. ಅವಳು ನನ್ನನ್ನು ದಾಟಿ, ಸಾಹೇಬರನ್ನು ದಾಟಿ, ಹಿಂದೆ ಬರುತ್ತಿದ್ದ ಒಬ್ಬ ಮುದುಕಿಗೆ ನೇರ ಹೋಗಿ ಡಿಕ್ಕಿ ಹೊಡೆದಳು. ಮುದುಕಿಯ ಜಪಮಾಲೆ ಕೆಳಗೆ ಬಿತ್ತು. “ತಪ್ಪಾತ್ರೀ ಯವ್ವಾ” ಎಂದು ಗಾಳಿಯಲ್ಲಿ ಕೈ ಆಡಿಸಿದಳು. ನಮ್ಮ ಸಾಹೇಬರು ಜಾಣರು, ತಕ್ಷಣ ಮೇಲಿನ ಸಾಹೇಬರಿಗೆ, “ಇವ್ರು ಶಿವಭಕ್ತರು ಸರ್, ನೀರು ಇರೂ ಕಡೆ ದಾಟೂದಿಲ್ಲ ಅಂತ ತಿರುಗಿದ್ರು” ಎಂದರು. ಎಲ್ಲರೂ ತಲೆ ಆಡಿಸಿದರು. ಅದು ನಿಜವಾಗಿರಲಿ ಎಂದು ನಾನೂ ಬೇಡಿಕೊಂಡೆ. ಅವಳ ಹತ್ತಿರ ಹೋಗಿ ಸಣ್ಣಗೆ ಕೇಳಿದೆ.

“ಯಾಕ ತಿರುಗಿದಿ?”

“ಮೂರು ದೀಪ ಬಂದ್ವಲ್ರಿ. ಅಲ್ಲಿ ತಿರುಗೂದಲ್ಲೇನು?”

“ಎಲ್ಲಿ ಅದಾವ ತೋರ್ಸು.”

ಅವಳು ಹಿಂದಿರುಗಿ ಬೆರಳು ಚಾಚಿದಳು. ನಾನು ಹಿಂದಿನ ದಿನ ಕಿತ್ತು ಮಣ್ಣು ಮುಚ್ಚಿದ ಮೂರು ಗುಂಡಿಗಳಿಗೆ ಸರಿಯಾಗಿ, ಒಂದು ಗೇಣೂ ತಪ್ಪದಂತೆ. “ಅಲ್ಲೇ ಹತ್ಯಾವಲ್ರಿ, ಮೂರೂ. ಇವತ್ತು ಭಾಳ ಛಂದ ಕಾಣಸ್ತಾವ.”

ಅವಳ ಬೆರಳು ಮೆಲ್ಲಗೆ ಇಳಿಯಿತು. ಲಾಮಾ ಅಲ್ಲೇ ನಿಂತಿದ್ದರು. ಅವರು ಅವಳ ಕೈಯನ್ನು ತಮ್ಮ ತೋಳಿನ ಮೇಲೆ ಇಟ್ಟುಕೊಂಡು, ಉಳಿದ ಕಾಲು ಸುತ್ತಿನ ಕಡೆಗೆ ನಡೆಸಿಕೊಂಡು ಹೋದರು. ಅವಳು ಕೇಳಿದ್ದು ನನಗೂ ಕೇಳಿಸಿತು: “ಇಲ್ಲೂ ದೀಪ ಅದಾವೇನ್ರಿ?” “ಅದಾವ್ರಿ, ಭಾಳ ಅದಾವ” ಎಂದರು ಅವರು. ಯಾತ್ರಿಕರು ಒಬ್ಬರೂ ತಪ್ಪದೆ ಸುತ್ತು ಮುಗಿಸಿದರು. ಮೇಲಿನ ಸಾಹೇಬರು ನನ್ನ ಬೆನ್ನು ತಟ್ಟಿ, ಕೆಲಸ ಪಾಸಾಯಿತು ಎಂದರು.

ರಸ್ತೆಯ ಬದಿಗೆ ಟೆಂಪೋ ಕಾಯುತ್ತ ನಿಂತಾಗ ಅವಳೇ ಹೇಳಿದಳು. ದೀಪ ಕಿತ್ತು ಒಗೆದ ಮರುದಿನವೇ ಶುರು ಮಾಡಿದ್ದಳಂತೆ. ನಾನು ಕೋಲ್ಡ್ ಸ್ಟೋರೇಜಿನ ವೈರಿಂಗಿಗೆ ಹೋದ ಮೇಲೆ ಮುಂಜಾನೆ ಟಂಟಂ ರಿಕ್ಷಾ ಹತ್ತಿ ಬಂದು, ದಿಬ್ಬದ ಬದಿಯ ಹೊಲದ ಮನೆಯವಳ ಕೈ ಹಿಡಿದು, ಐದಾರು ದಿನ ಹೆಜ್ಜೆ ಎಣಿಸಿದ್ದಾಳೆ. ಹಗಲಿನಲ್ಲಿ ಆಗ ಇನ್ನೂ ಸ್ವಲ್ಪ ಕಾಣುತ್ತಿತ್ತು. ಗರಸು ಮುಗಿದು ಮೆತ್ತನೆ ಮಣ್ಣು ಬಂದರೆ ಅಂಚು ಎಂದು ಅಂಗಾಲಿಗೆ ಗುರುತು ಮಾಡಿಕೊಂಡಿದ್ದಾಳೆ. ದೀಪ ಒಂದೂ ಕಂಡಿರಲಿಲ್ಲ.

“ಮೊದಲ ಹೇಳಬೇಕಿಲ್ಲೇನು?” ಎಂದೆ. ಒದರಿ ಕೇಳಬೇಕೆಂದಿದ್ದೆ, ಕೇಳಿದ್ದು ಪಿಸುಮಾತಿನಲ್ಲಿ.

“ಮೂರು ದಿನ ಹೇಳಿದ್ನಲ್ರಿ. ನೀವು ಭಾಳ ಮನಸ್ಸಿಗೆ ಹಚ್ಕೊಂಡ್ರಿ. ಕತ್ತಲ್ಯಾಗ ನಿಮ್ಮ ಮಾರಿ ಕಾಣಸಲಿಲ್ಲ ಖರೇ, ಉಸುರು ಕೇಳಿಸ್ತು. ಅಳಾಕತ್ತಿದ್ರಿ. ಕಾಣಸ್ತೈತಿ ಅಂದ ದಿವಸ ನೀವು ಎಷ್ಟು ಖುಷಿ ಆದ್ರಿ! ಮದುವಿ ಆದಾಗಿನಿಂದ ಅಷ್ಟು ಖುಷಿ ಆಗಿದ್ದು ನಾ ನೋಡಿರಲಿಲ್ಲ.” ಸೆರಗು ಬಿಗಿದುಕೊಂಡು, “ಆಮ್ಯಾಲ ಇಲ್ಲ ಅನ್ನಾಕ ಬಾಯಿ ಬರಲಿಲ್ರಿ” ಎಂದಳು.

“ಈ ಹನಿ?”

“ಉರಿ ತಡಕೊಳ್ಳಾಕ ಆಗೂದಿಲ್ರಿ. ಬಿಡಬ್ಯಾಡ್ರಿ ಅಂದ್ರ ನಿಮ್ಗ ಗೊತ್ತಾಗ್ತಿತ್ತು.”

“ಹಗಲ ಎಷ್ಟು ಕಾಣಸ್ತೈತಿ ಈಗ?”

ಅವಳು ರಸ್ತೆಯ ಕಡೆ ಮುಖ ತಿರುಗಿಸಿದಳು. ಟೆಂಪೋ ಬಂತು. ಹತ್ತುವಾಗ ಅವಳು ಮೆಟ್ಟಿಲನ್ನು ಕಾಲಿನಿಂದ ಹುಡುಕಿದಳು. ಎಷ್ಟು ತಿಂಗಳಿಂದ ಹೀಗೆ ಹುಡುಕುತ್ತಿದ್ದಳೋ, ಅವತ್ತು ನೋಡಿದೆ.

ಮರುದಿನ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋದೆವು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಕಾಣುವುದನ್ನೆಲ್ಲ ಅವಳಿಗೆ ಹೇಳುತ್ತ ಹೋದೆ, ಯಾವ ಊರು, ಯಾವ ಬೋರ್ಡು ಎಂದು. ಹುಚ್ಚನ ಹಾಗೆ ಬಡಬಡಿಸುತ್ತಿದ್ದೆ. ಅವಳು ಹೂಂ ಎನ್ನುತ್ತಿದ್ದಳು. ಬೇರೆ ಯಾವ ದೇವರನ್ನು ಕೇಳಬೇಕೋ ತಿಳಿಯದೆ, ನಡುವಿನದು ಒಂದಿಷ್ಟು ಉಳಿದಿರಲಿ, ಒಂದು ರೂಪಾಯಿಯ ಅಗಲದಷ್ಟು ಉಳಿದಿರಲಿ ಎಂದು ಬಸ್ಸಿನ ಸೀಟಿನ ಕಂಬಿ ಹಿಡಿದುಕೊಂಡು ಬೇಡುತ್ತಿದ್ದೆ.

ಡಾಕ್ಟರು ಬಹಳ ಹೊತ್ತು ನೋಡಿದರು. ಅವಳ ಮುಖದ ಮುಂದೆ ಬೆರಳು ಹಿಡಿದು ಎಷ್ಟು ಎಂದು ಕೇಳಿದರು. ಅವಳು ಎರಡು ಎಂದಳು. ನಾಲ್ಕಿದ್ದವು. ಮತ್ತೆ ಹತ್ತಿರ ಹಿಡಿದು ಕೇಳಿದರು. ಈ ಸಲ ಅವಳು ಊಹೆ ಮಾಡಲಿಲ್ಲ, “ಕಾಣಸವಲ್ದುರಿ” ಎಂದಳು. ಡಾಕ್ಟರು ಬ್ಯಾಟರಿ ಆರಿಸಿ ಕೆಳಗಿಟ್ಟರು. ಬಾವು ಒಣಗಿ ಕಲೆಯಾಗಿದೆ, ಎರಡೂ ಕಣ್ಣಿನ ನಡುವಿನದು ಹೋಗಿದೆ, ಮೇಲಿನ ಪರದೆಯೂ ಯಾವುದೋ ರಸದಿಂದ ಸುಟ್ಟಿದೆ, ಈಗ ಗುಳಿಗೆ ಕೊಟ್ಟು ಪ್ರಯೋಜನವಿಲ್ಲ ಎಂದರು. ನಮ್ಮ ಹಳೇ ಕಾರ್ಡು ತೆಗೆದು ತಾರೀಖು ನೋಡಿದರು.

“ತಪ್ಪದ ಬರ್ರಿ ಅಂತ ಹೇಳಿದ್ದೆ. ಯಾಕ ಬರಲಿಲ್ಲ?” ಎಂದು ನನ್ನ ಮುಖ ನೋಡಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವಳು ಧ್ವನಿ ಬಂದ ಕಡೆ ತಿರುಗಿದಳು. “ನಾನೇ ಒಲ್ಲೆ ಅಂದೇನ್ರಿ. ಇವ್ರು ಪ್ರತಿ ಸಲ ಕರದ್ರು. ಬಸ್ಸಿನಾಗ ವಾಂತಿ ಬರತೈತಿ ಅಂತ ನಾನೇ ಹಟಾ ಮಾಡಿ ಕುಂತೆ. ಆ ರಸಾನೂ ಇವ್ರಿಗೆ ಗೊತ್ತಿಲ್ದಂಗ ನಾನೇ ಹಾಕ್ಕೊಂಡೇನ್ರಿ.”

ಡಾಕ್ಟರಿಗೆ ಸಿಟ್ಟು ಬಂತು. ತನ್ನ ಕಣ್ಣನ್ನು ತಾನೇ ಕಳೆದುಕೊಂಡ ದಡ್ಡ ಹೆಂಗಸೆಂದು ಅವಳಿಗೆ ಚೆನ್ನಾಗಿ ಬೈದರು. ಗಂಡ ಕರೆದರೂ ಬರಲಿಲ್ಲವಲ್ಲ ಎಂದರು. ಅವಳು ತಲೆ ತಗ್ಗಿಸಿ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, ಎಲ್ಲವನ್ನೂ ಕೇಳಿಸಿಕೊಂಡಳು. ಪಕ್ಕದ ಕುರ್ಚಿಯಲ್ಲಿ ನಾನು ಕೂತಿದ್ದೆ. ಅಲ್ಲ, ಅವಳದ್ದಲ್ಲ ತಪ್ಪು ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ.